ಫಿಲ್ಟರ್ ಕಾಫಿ ಪುಡಿಯನ್ನೇ ಎಸ್ಪ್ರೆಸೊ ಮೆಷಿನ್‌ಗೆ ಹಾಕಬಹುದಾ?

ಓದುಗರ ಪ್ರಶ್ನೆ: ಮನೆಗೆ ಹೊಸದಾಗಿ ಎಸ್ಪ್ರೆಸೊ ಮೆಷಿನ್ ತಂದಿದ್ದೇವೆ. ಇಷ್ಟು ದಿನ ಫಿಲ್ಟರ್‌ಗೆ ತರುತ್ತಿದ್ದ ಪುಡಿಯನ್ನೇ ಇದಕ್ಕೂ ಹಾಕಬಹುದಾ? ಇಲ್ಲ ಅಂದರೆ ಯಾವ ಬೀಜ ತಗೋಬೇಕು? ಅಂಗಡಿಯಲ್ಲಿ ‘ಎಸ್ಪ್ರೆಸೊ ಬೀಜ’ ಅಂತ ಬೇರೆಯೇ ಇಟ್ಟಿದ್ದಾರೆ, ಬೆಲೆಯೂ ಜಾಸ್ತಿ. ನಮ್ಮನೆಯಲ್ಲಿ ಎಲ್ಲರೂ ಹಾಲು ಹಾಕಿಕೊಂಡೇ ಕುಡಿಯುವವರು.

ಉತ್ತರ: ಚಿಕೋರಿ ಬೆರೆತ ಪುಡಿಯನ್ನು ಹಾಕಲೇಬೇಡಿ. ಚಿಕೋರಿ ಇಲ್ಲದ ಪುಡಿಯನ್ನು ಹಾಕಬಹುದು, ಆದರೆ ಎಲ್ಲ ಮೆಷಿನ್‌ಗೂ ಅಲ್ಲ. ಇನ್ನು ಎಸ್ಪ್ರೆಸೊ ಬೀಜ ಅನ್ನುವ ಜಾತಿ ಯಾವ ಗಿಡದಲ್ಲೂ ಬಿಡುವುದಿಲ್ಲ. ಎಸ್ಪ್ರೆಸೊ ಅಂದರೆ ಕಾಫಿ ಇಳಿಸುವ ಒಂದು ವಿಧಾನ, ಅಷ್ಟೇ. ಆ ವಿಧಾನಕ್ಕೆ ಹೊಂದುವ ಹಾಗೆ ಹುರಿದು ಬೆರೆಸಿದ್ದೇವೆ ಎಂದು ಹೇಳಲು ಪ್ಯಾಕೆಟ್ ಮೇಲೆ ಹಾಗೆ ಬರೆಯುತ್ತಾರೆ. ನೀವು ಹಾಲು ಹಾಕಿ ಕುಡಿಯುವವರಾದರೆ ನಿಮಗೆ ಬೇಕಾದ್ದು ಹೆಚ್ಚುಕಡಿಮೆ ಪಕ್ಕದ ಕಾಫಿ ಪುಡಿ ಅಂಗಡಿಯಲ್ಲೇ ಇದೆ. ಸರಿಯಾಗಿ ಕೇಳಿ ತರಬೇಕು.

ಮೊದಲು ಫಿಲ್ಟರ್ ಪುಡಿ ಯಾಕೆ ಬೇಡ ಅಂತ ನೋಡೋಣ. ನಮ್ಮ ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಅವಸರವಿಲ್ಲ. ಎಸ್ಪ್ರೆಸೊ ಮೆಷಿನ್ ಸುಮಾರು 9 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಒಂಬತ್ತರಷ್ಟು ಬಲದಲ್ಲಿ, ಬಿಸಿ ನೀರನ್ನು ಪುಡಿಯೊಳಗೆ ನೂಕುತ್ತದೆ. 25ರಿಂದ 30 ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಆ ನೀರನ್ನು ತಡೆಯುವುದು ಪುಡಿಯೊಂದೇ. ಪುಡಿ ಸ್ವಲ್ಪ ತರಿಯಾಗಿದ್ದರೂ ನೀರು ಸರ್ರನೆ ಹರಿದುಹೋಗಿ ಕಪ್‌ಗೆ ತೆಳ್ಳಗಿನ, ಹುಳಿ ಕಷಾಯ ಬೀಳುತ್ತದೆ. ತೀರಾ ನುಣ್ಣಗಿದ್ದರೆ ಹನಿಯೂ ಇಳಿಯುವುದಿಲ್ಲ.

ಚಿಕೋರಿಯದು ಬೇರೆ ತಾಪತ್ರಯ. ಅದು ಬೀಜವಲ್ಲ, ಹುರಿದು ಪುಡಿ ಮಾಡಿದ ಬೇರು. ನಮ್ಮಲ್ಲಿ ಮಾರುವ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡ ಇರಬೇಕು ಅಂತ ಕಾನೂನು ಇದೆ. ಅಂದರೆ ಉಳಿದ 49 ಶೇಕಡವರೆಗೂ ಚಿಕೋರಿ ಇರಬಹುದು. ಕಾಫಿಗಿಂತ ಚಿಕೋರಿ ನೀರಿನಲ್ಲಿ ಬಹಳ ಹೆಚ್ಚು ಕರಗುತ್ತದೆ, ನೆನೆದಾಗ ಅಂಟಂಟಾಗುತ್ತದೆ. ಡಿಕಾಕ್ಷನ್‌ಗೆ ಆ ದಪ್ಪ, ಆ ಕಂದು ಬಣ್ಣ ಬರುವುದು ಇದರಿಂದಲೇ. ಫಿಲ್ಟರ್‌ಗೆ ಅದು ಗುಣ. ಮೆಷಿನ್‌ನ ಬುಟ್ಟಿಯಲ್ಲಿ ಮಾತ್ರ ಅದು ಮೆತ್ತಿಕೊಂಡು ಸಣ್ಣ ತೂತುಗಳನ್ನು ಮುಚ್ಚುತ್ತದೆ. ತೊಳೆದರೂ ಬೇಗ ಬಿಡುವುದಿಲ್ಲ.

ಹಾಗಾದರೆ ಯಾವ ಮೆಷಿನ್‌ಗೆ ಪುಡಿ ನಡೆಯುತ್ತದೆ? ಪುಡಿ ತುಂಬುವ ಸ್ಟೀಲ್ ಬುಟ್ಟಿಯನ್ನು ಹೊರಗೆ ತೆಗೆದು ತಲೆಕೆಳಗೆ ಮಾಡಿ ಬೆಳಕಿಗೆ ಹಿಡಿಯಿರಿ. ತಳದ ತುಂಬಾ ನೂರಾರು ಸಣ್ಣ ತೂತು ಕಂಡರೆ ಅದು ಸಾದಾ ಬುಟ್ಟಿ. ಒಳಗಡೆ ನೂರಾರು ತೂತಿದ್ದು, ಹೊರತಳದಲ್ಲಿ ನಡುವೆ ಒಂದೇ ಒಂದು ಸೂಜಿಮೊನೆಯಷ್ಟು ತೂತಿದ್ದರೆ ಅದು ಎರಡು ಪದರದ ಬುಟ್ಟಿ. ಮನೆಗೆ ಬರುವ ಕಡಿಮೆ ಬೆಲೆಯ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಇದರಲ್ಲಿ ನೀರನ್ನು ತಡೆಯುವ ಕೆಲಸವನ್ನು ಆ ಒಂದು ತೂತೇ ಮಾಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಪುಡಿ ಮಾಡಿಸಿದ, ಚಿಕೋರಿ ಇಲ್ಲದ ಕಾಫಿ ನಡೆಯುತ್ತದೆ. ಮೇಲೆ ಬರುವ ನೊರೆ ಮಾತ್ರ ಆ ತೂತಿನ ಆಟ. ಬೀಜ ಎಷ್ಟು ಹಳೆಯದಾದರೂ ನೊರೆ ಬರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಸಾದಾ ಬುಟ್ಟಿಯಾದರೆ ಗ್ರೈಂಡರ್ ಬೇಕೇ ಬೇಕು. ದುಡ್ಡು ಉಳಿಸುವುದಿದ್ದರೆ ಮೆಷಿನ್‌ನಲ್ಲಿ ಉಳಿಸಿ, ಗ್ರೈಂಡರ್‌ನಲ್ಲಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಆದರೂ ಸಾಕು. ಮಿಕ್ಸಿ ಬೇಡ. ಅದರ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಚಚ್ಚುತ್ತದೆ. ಅರ್ಧ ಧೂಳು, ಅರ್ಧ ನುಚ್ಚು ಆಗುತ್ತದೆ.

ಈಗ ಬೀಜದ ವಿಷಯ. ಪ್ಯಾಕೆಟ್ ಮೇಲೆ ಮೊದಲು ಹುಡುಕಬೇಕಾದ್ದು ಊರಿನ ಹೆಸರಲ್ಲ, ರೋಸ್ಟ್ ಮಾಡಿದ ತಾರೀಖು. ‘ಇಷ್ಟು ತಿಂಗಳೊಳಗೆ ಬಳಸಿ’ ಅಂತ ಮಾತ್ರ ಇದ್ದರೆ ಆ ಪ್ಯಾಕೆಟ್ ಬಿಟ್ಟುಬಿಡಿ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಎಸ್ಪ್ರೆಸೊ ಮೇಲಿನ ಕ್ರೀಮಾ, ಅಂದರೆ ಆ ಹೊನ್ನುಕಂದು ನೊರೆ, ಬರುವುದು ಮುಖ್ಯವಾಗಿ ಅದರಿಂದ. ಹುರಿದ ಮಾರನೇ ದಿನವೇ ಬಳಸಿದರೆ ಅನಿಲ ಜಾಸ್ತಿಯಾಗಿ ಕಪ್ ತುಂಬಾ ಬರೀ ನೊರೆ, ರುಚಿಯೂ ಒರಟು. ಒಂದರಿಂದ ಎರಡು ವಾರ ಕಾದು ಬಳಸಿ. ತಿಳಿ ರೋಸ್ಟ್‌ಗೆ ಇನ್ನೂ ಸ್ವಲ್ಪ ಕಾಯಬೇಕು, ಕಡು ರೋಸ್ಟ್ ಬೇಗ ಹದಕ್ಕೆ ಬರುತ್ತದೆ. ಅಲ್ಲಿಂದ ಮೂರ್ನಾಲ್ಕು ವಾರ ಅದರ ಒಳ್ಳೆಯ ಕಾಲ. ‘ತಾಜಾ ಇದ್ದಷ್ಟೂ ಒಳ್ಳೆಯದು’ ಅನ್ನುವ ಮಾತು ಕಾಫಿ ಬೀಜಕ್ಕೆ ಪೂರ್ತಿ ಹೊಂದುವುದಿಲ್ಲ.

ಹಾಲಿಗೆ ಮಧ್ಯಮ ಅಥವಾ ಅದಕ್ಕಿಂತ ಒಂದು ಹೆಜ್ಜೆ ಕಡು ರೋಸ್ಟ್ ಸರಿ. ತಿಳಿ ರೋಸ್ಟ್‌ನಲ್ಲಿ ಹಣ್ಣಿನ ಹುಳಿ ಮುಂದಿರುತ್ತದೆ. ಹಾಲಿಲ್ಲದೆ ಕುಡಿದರೆ ಸೊಗಸು. ಹಾಲು ಬೆರೆತರೆ ಒಡೆದ ಹಾಲಿನ ಹಾಗೆ ಅನ್ನಿಸಬಹುದು. ಎಣ್ಣೆ ಜಿನುಗಿ ಮಿರಮಿರ ಮಿಂಚುವ ಕಪ್ಪು ಬೀಜವೂ ಬೇಡ. ಆ ಎಣ್ಣೆ ಗ್ರೈಂಡರ್ ಒಳಗೆ ಅಂಟಿ ಕಮಟು ವಾಸನೆ ಹಿಡಿಯುತ್ತದೆ. ಗ್ರೈಂಡರ್ ಒಳಗೇ ಇರುವ ಆಟೊಮ್ಯಾಟಿಕ್ ಮೆಷಿನ್‌ಗಳಿಗಂತೂ ಅದು ಶತ್ರು.

ಇನ್ನು ಅರೇಬಿಕಾ ಮತ್ತು ರೋಬಸ್ಟಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

‘ನೂರಕ್ಕೆ ನೂರು ಅರೇಬಿಕಾ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ನೋಡಿರುತ್ತೀರಿ. ಅದು ಗಿಡದ ಜಾತಿ ಹೇಳುತ್ತದೆ, ಗುಣಮಟ್ಟವನ್ನಲ್ಲ. ಕೆಟ್ಟ ಅರೇಬಿಕಾ ಬೇಕಾದಷ್ಟಿದೆ. ಒಳ್ಳೆಯ ರೋಬಸ್ಟಾ ಕೂಡ ಇದೆ, ಅದೂ ನಮ್ಮಲ್ಲೇ. ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ. ದೇಶದ ಒಟ್ಟು ಬೆಳೆಯಲ್ಲಿ ರೋಬಸ್ಟಾದ ಪಾಲೇ ದೊಡ್ಡದು. ಅದರಲ್ಲಿ ಬಹಳಷ್ಟು ಹಡಗು ಹತ್ತಿ ಹೋಗುವುದು ಎಲ್ಲಿಗೆ ಗೊತ್ತಾ? ಎಸ್ಪ್ರೆಸೊ ಹುಟ್ಟಿದ ಇಟಲಿಗೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಅವರೇ. ನೇಪಲ್ಸ್ ಕಡೆಯ ಕಪ್ಪನೆಯ, ಗಟ್ಟಿ ಎಸ್ಪ್ರೆಸೊದಲ್ಲಿ ರೋಬಸ್ಟಾ ಇರುವುದು ಅಲ್ಲಿ ಯಾರಿಗೂ ಅವಮಾನವಲ್ಲ. ನಾವು ಮಾತ್ರ ಅದನ್ನು ಕಳಪೆ ಅಂತ ಪಕ್ಕಕ್ಕಿಡುತ್ತೇವೆ.

ರೋಬಸ್ಟಾ ಕೊಡುವುದು ಏನು? ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಹುಳಿ ಕಡಿಮೆ. ಎಣ್ಣೆಯಂಶ ಅರೇಬಿಕಾಗಿಂತ ಕಡಿಮೆ, ಕ್ರೀಮಾ ದಪ್ಪ, ಬೇಗ ಒಡೆಯುವುದಿಲ್ಲ. ಬಾಯಿ ತುಂಬುವ ಮೈಕಟ್ಟು ಇರುವುದರಿಂದ ಹಾಲಿನ ಸಿಹಿಯಲ್ಲಿ ಕಾಫಿ ಕಳೆದುಹೋಗುವುದಿಲ್ಲ. ಪೂರ್ತಿ ರೋಬಸ್ಟಾ ಹಾಕಿದರೆ ಕೆಲವರಿಗೆ ಒಗರು, ಮರದ ರುಚಿ ಅನ್ನಿಸುತ್ತದೆ. ಅದಕ್ಕೇ ಬೆರಕೆ. ಹಾಲಿನ ಕಾಫಿಗೆ ಅರೇಬಿಕಾ 70, ರೋಬಸ್ಟಾ 30 ನನಗೆ ಹಿಡಿಸಿದ ಅಳತೆ. ಫಿಲ್ಟರ್ ಕಾಫಿಯ ಖಾರ ಬೇಕು ಅನ್ನುವವರು 50-50ಕ್ಕೂ ಹೋಗಬಹುದು.

ಆದರೆ ರೋಬಸ್ಟಾ ಅಂದರೆ ಯಾವುದೋ ಒಂದಲ್ಲ. ಇಲ್ಲಿ ನಮ್ಮ ಕಾಫಿ ವ್ಯಾಪಾರದ ಹೆಸರುಗಳು ಗೊತ್ತಿದ್ದರೆ ಅನುಕೂಲ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು ಒಣಗಿಸಿದ ಅರೇಬಿಕಾಗೆ ‘ಪ್ಲಾಂಟೇಶನ್’ ಅನ್ನುತ್ತಾರೆ. ಅದೇ ರೀತಿ ತೊಳೆದ ರೋಬಸ್ಟಾಗೆ ‘ರೋಬಸ್ಟಾ ಪಾರ್ಚ್‌ಮೆಂಟ್’. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಎರಡಕ್ಕೂ ‘ಚೆರ್ರಿ’. ಮುಂದೆ ಬರುವ ಎ, ಬಿ, ಎಬಿ ಅಕ್ಷರಗಳು ಬೀಜದ ಗಾತ್ರ ಹೇಳುತ್ತವೆ. ಗಾತ್ರ ಒಂದೇ ಸಮ ಇದ್ದರೆ ಹುರಿಯುವುದು ಸಮ ಆಗುತ್ತದೆ, ಅಷ್ಟರ ಮಟ್ಟಿಗೆ ಅದು ಮುಖ್ಯ. ರೋಬಸ್ಟಾ ತಗೊಳ್ಳುವಾಗ ಪಾರ್ಚ್‌ಮೆಂಟ್ ಕೇಳಿ. ತೊಳೆದ ರೋಬಸ್ಟಾ ಸ್ವಚ್ಛ ರುಚಿ ಕೊಡುತ್ತದೆ, ಒಗರೂ ಕಡಿಮೆ. ಅದರಲ್ಲೇ ಮೇಲಿನ ದರ್ಜೆಗೆ ‘ಕಾಪಿ ರಾಯಲ್’ ಅಂತ ಹೆಸರು. ಸಿಕ್ಕರೆ ಬಿಡಬೇಡಿ.

ಅರೇಬಿಕಾದಲ್ಲಿ ‘ಸೆಲೆಕ್ಷನ್ 795’ ಅಂತ ಬರೆದಿದ್ದರೆ ಅದು ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಹಳೆಯ ತಳಿ. ಮಧ್ಯಮ ರೋಸ್ಟ್‌ನಲ್ಲಿ ಎಸ್ಪ್ರೆಸೊಗೆ ಚೆನ್ನಾಗಿ ಹೊಂದುತ್ತದೆ. ಹುಳಿ ಸ್ವಲ್ಪವೂ ಬೇಡ ಅನ್ನುವವರಿಗೆ ‘ಮಾನ್ಸೂನ್ಡ್ ಮಲಬಾರ್’ ಇದೆ. ಮಳೆಗಾಲದಲ್ಲಿ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜವನ್ನು ತೇವದ ಕಡಲಗಾಳಿಗೆ ಹರವಿ, ವಾರಗಟ್ಟಲೆ ಬಿಟ್ಟು ಮಾಡುವಂಥದ್ದು. ಬೀಜ ಉಬ್ಬಿ, ಹಸಿರು ಹೋಗಿ, ತಿಳಿಹಳದಿ ಬಣ್ಣಕ್ಕೆ ತಿರುಗುತ್ತದೆ. ಹುಳಿಯೂ ಇಳಿದುಹೋಗುತ್ತದೆ. ಹೊರದೇಶದ ಎಸ್ಪ್ರೆಸೊ ಬೆರಕೆಗಳಲ್ಲಿ ಇದಕ್ಕೆ ಹಳೆಯ ಬೇಡಿಕೆ. ಅದರ ಮಣ್ಣಿನ ಘಮ ಎಲ್ಲರಿಗೂ ಹಿಡಿಸುವುದಿಲ್ಲ, ಮೊದಲು ಸ್ವಲ್ಪ ತಂದು ನೋಡಿ. ಪೀಬೆರಿ ಬಗ್ಗೆ ನಮ್ಮ ಅಂಗಡಿಗಳಲ್ಲಿ ಬಹಳ ಹೊಗಳಿಕೆ. ಹಣ್ಣಿನಲ್ಲಿ ಎರಡರ ಬದಲು ಒಂದೇ ಗುಂಡು ಬೀಜ ಬಂದರೆ ಅದು ಪೀಬೆರಿ. ಎಸ್ಪ್ರೆಸೊಗೆ ಅಂತ ಅದಕ್ಕೆ ಹೆಚ್ಚು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಅಲ್ಲೇ ಹುರಿದು ಪುಡಿ ಮಾಡಿ ಕೊಡುವ ಕಾಫಿ ಅಂಗಡಿ ನಿಮ್ಮ ಊರಲ್ಲಿ ಇದ್ದೇ ಇರುತ್ತದೆ ಅಲ್ವಾ? ಅಲ್ಲಿ ಹೋಗಿ ಹೀಗೆ ಕೇಳಿ: ಪ್ಲಾಂಟೇಶನ್ ಎ 350 ಗ್ರಾಂ, ರೋಬಸ್ಟಾ ಪಾರ್ಚ್‌ಮೆಂಟ್ 150 ಗ್ರಾಂ, ಚಿಕೋರಿ ಬೇಡ, ಪುಡಿ ಮಾಡಬೇಡಿ, ಬೀಜಾನೇ ಕೊಡಿ. ಕೌಂಟರ್‌ನವರು ಒಮ್ಮೆ ಮೇಲೆ ಕೆಳಗೆ ನೋಡಬಹುದು. ಯಾವತ್ತು ಹುರಿದದ್ದು ಅಂತ ಕೇಳುವುದನ್ನೂ ಮರೆಯಬೇಡಿ. ಅಂಥ ಅಂಗಡಿಗಳಲ್ಲಿ ರೋಸ್ಟ್ ಸಾಮಾನ್ಯವಾಗಿ ಫಿಲ್ಟರ್‌ಗೆ ಅಂತ ಸ್ವಲ್ಪ ಕಡುವೇ ಇರುತ್ತದೆ. ಹಾಲಿನ ಎಸ್ಪ್ರೆಸೊಗೆ ಅದರಿಂದ ತೊಂದರೆಯಿಲ್ಲ. ದುಬಾರಿ ಪ್ಯಾಕೆಟ್‌ಗೆ ಕೈ ಹಾಕುವ ಮೊದಲು ಇಲ್ಲಿಂದ ಶುರು ಮಾಡಿ.

ಬೀಜ ಬಂತು. ಬಳಸುವುದು ಹೇಗೆ?

ಒಂದು ಗ್ರಾಂವರೆಗೆ ಸರಿಯಾಗಿ ತೋರಿಸುವ ಸಣ್ಣ ತಕ್ಕಡಿ ಬೇಕು. ಇಟಲಿಯ ಹಳೆಯ ಲೆಕ್ಕ ಒಂದು ಕಪ್‌ಗೆ 7 ಗ್ರಾಂ ಪುಡಿ, 25 ಸೆಕೆಂಡು, 25 ಮಿಲಿಲೀಟರ್. ಈಗ ಎಲ್ಲೆಡೆ ನಡೆಯುವುದು ಡಬಲ್: 18 ಗ್ರಾಂ ಪುಡಿ ಹಾಕಿ 36 ಗ್ರಾಂ ಕಾಫಿ ಇಳಿಸುವುದು. ನಿಮ್ಮ ಬುಟ್ಟಿ ಚಿಕ್ಕದಾದರೆ 14 ಹಾಕಿ 28 ಇಳಿಸಿ. ಒಂದಕ್ಕೆ ಎರಡು, ಅದೇ ಲೆಕ್ಕ.

ಮೆಷಿನ್ ಚೆನ್ನಾಗಿ ಕಾಯಲಿ. ಪುಡಿಯನ್ನು ಬುಟ್ಟಿಯಲ್ಲಿ ಸಮ ಮಾಡಿ, ಓರೆಯಾಗದ ಹಾಗೆ ಒತ್ತಿ. ಕಪ್ಪನ್ನು ತಕ್ಕಡಿ ಮೇಲಿಟ್ಟು, ಗುಂಡಿ ಒತ್ತಿದ ಕ್ಷಣದಿಂದ ಸೆಕೆಂಡು ಎಣಿಸಿ. ಐದೋ ಎಂಟೋ ಸೆಕೆಂಡು ಏನೂ ಬರುವುದಿಲ್ಲ. ಆಮೇಲೆ ಕಪ್ಪನೆಯ ದಪ್ಪ ಹನಿ. ಹನಿ ದಾರವಾಗುತ್ತದೆ, ದಾರ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಬಿಳಚಿಕೊಳ್ಳುತ್ತದೆ. 36 ಗ್ರಾಂ ಬಂದಾಗ ನಿಲ್ಲಿಸಿ, ಗಡಿಯಾರ ನೋಡಿ. 14 ಸೆಕೆಂಡಿಗೇ ಮುಗಿದಿದ್ದರೆ ಗ್ರೈಂಡರ್ ಅನ್ನು ಇನ್ನೂ ನುಣ್ಣಗೆ ಮಾಡಿ. 45 ಸೆಕೆಂಡಾದರೂ ತೊಟ್ಟಿಕ್ಕುತ್ತಲೇ ಇದ್ದರೆ ತರಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗ್ರೈಂಡರ್ ತಿರುಗಿಸಿದ ಮೇಲೆ ಮೊದಲು ಬರುವ ಎರಡು ಮೂರು ಗ್ರಾಂ ಹಳೆಯ ಅಳತೆಯದೇ ಆಗಿರುತ್ತದೆ, ಅದನ್ನು ಎಸೆಯಿರಿ.

ಗಡಿಯಾರ ದಾರಿ ತೋರಿಸುತ್ತದೆ, ತೀರ್ಪು ನಾಲಿಗೆಯದು. ಹಾಲು ಹಾಕುವ ಮೊದಲು ಒಂದು ಚಮಚ ಬಾಯಿಗೆ ಹಾಕಿ. ಚುರುಕು ಹುಳಿ, ನೀರು ನೀರು ಅನ್ನಿಸಿದರೆ ಸತ್ವ ಪೂರ್ತಿ ಇಳಿದಿಲ್ಲ: ಇನ್ನೂ ನುಣ್ಣಗೆ ಮಾಡಿ, ಇಲ್ಲವೇ 40 ಗ್ರಾಂವರೆಗೆ ಇಳಿಸಿ. ಕಹಿಯಾಗಿ ಗಂಟಲು ಒಣಗಿದ ಹಾಗಾದರೆ ಜಾಸ್ತಿ ಇಳಿದಿದೆ: ಸ್ವಲ್ಪ ತರಿ ಮಾಡಿ, ಇಲ್ಲವೇ ಬೇಗ ನಿಲ್ಲಿಸಿ. ಮೆಷಿನ್‌ನಲ್ಲಿ ಶಾಖ ಬದಲಿಸಲು ಬಂದರೆ ತಿಳಿ ರೋಸ್ಟ್‌ಗೆ 94–96 ಡಿಗ್ರಿ, ಕಡು ರೋಸ್ಟ್‌ಗೆ 88–91. ಹುಳಿಯೂ ಕಹಿಯೂ ಒಟ್ಟೊಟ್ಟಿಗೆ ಬಂದರೆ ಬೀಜವನ್ನು ಬೈಯಬೇಡಿ. ಮುಗಿದ ಮೇಲೆ ಬುಟ್ಟಿಯಲ್ಲಿ ಉಳಿದ ಪುಡಿಯ ಬಿಲ್ಲೆಯನ್ನು ನೋಡಿ. ಸಣ್ಣ ತೂತೋ, ಒಂದು ಕಡೆ ಹಳ್ಳವೋ ಕಾಣುತ್ತದೆ. ನೀರು ಅಲ್ಲಿ ಕಳ್ಳದಾರಿ ಮಾಡಿಕೊಂಡಿದೆ. ಪುಡಿಯ ಗಂಟುಗಳನ್ನು ಸೂಜಿಯಿಂದ ಬಿಡಿಸಿ, ಸಮವಾಗಿ ಹರಡಿ ಒತ್ತಿದರೆ ಸರಿಹೋಗುತ್ತದೆ.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್‌ನ ಗಡಸು ನೀರು ಮೆಷಿನ್ ಒಳಗೆ ಸುಣ್ಣ ಕಟ್ಟುತ್ತದೆ. ಲವಣವೇ ಉಳಿಯದಷ್ಟು ಶುದ್ಧ ಮಾಡಿದ ಆರ್‌ಒ ನೀರಲ್ಲಿ ಕಾಫಿ ಸಪ್ಪೆ. ಎರಡನ್ನೂ ಸ್ವಲ್ಪ ಬೆರೆಸಿ ಬಳಸುವವರಿದ್ದಾರೆ, ಕೆಟ್ಟ ಉಪಾಯವೇನಲ್ಲ.

ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಫ್ರಿಜ್‌ನಲ್ಲಿ ಬೇಡ, ತೇವವನ್ನೂ ಒಗ್ಗರಣೆ ವಾಸನೆಯನ್ನೂ ಹೀರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗ್ರೈಂಡರ್‌ನ ಮೇಲಿನ ಬಟ್ಟಲಿಗೆ ಬೀಜ ತುಂಬಿಡಲೇಬೇಡಿ, ಆ ಹೊತ್ತಿಗೆ ಬೇಕಾದ್ದನ್ನು ತೂಗಿ ಹಾಕಿ.

ಎಷ್ಟು ತರಬೇಕು ಅಂತಲೂ ಕೇಳುತ್ತೀರಿ. ದಿನಕ್ಕೆ ಎರಡು ಡಬಲ್ ಅಂದರೆ 36 ಗ್ರಾಂ. 250 ಗ್ರಾಂ ಪ್ಯಾಕೆಟ್ ಹೆಚ್ಚುಕಡಿಮೆ ಒಂದು ವಾರ ಬರುತ್ತದೆ, ಹದ ಹುಡುಕುವ ಮೊದಲ ದಿನಗಳಲ್ಲಿ ಅಷ್ಟೂ ಬರುವುದಿಲ್ಲ. ಹಾಗಾಗಿ ಶುರುವಿಗೆ ಅರ್ಧ ಕೆಜಿ ಒಂದೇ ಬೆರಕೆಯದು ತನ್ನಿ. ಅದರ ಅರ್ಧ ಖಾಲಿಯಾಗುವ ಹೊತ್ತಿಗೆ ಮುಂದಿನದನ್ನು ತಂದಿಟ್ಟರೆ, ಡಬ್ಬಿ ಬರಿದಾಗುವಷ್ಟರಲ್ಲಿ ಅದೂ ಹದಕ್ಕೆ ಬಂದಿರುತ್ತದೆ. ಮನೆಯಲ್ಲಿ ಉಳಿದಿರುವ ಚಿಕೋರಿ ಪುಡಿ ಫಿಲ್ಟರ್‌ಗೇ ಇರಲಿ.