ಒಳಾಂಗಣ ಹಿಮದಿಣ್ಣೆಯಲ್ಲಿ ಮೊದಲ ಧೈರ್ಯ: ಸ್ಕೀಯಿಂಗ್ ಕಲಿಯುವವರಿಗೆ ಅಧ್ಯಯನ ಟಿಪ್ಪಣಿ

ಚಿಕ್ಕಮಗಳೂರಿನಲ್ಲಿ ದೈಹಿಕ ಶಿಕ್ಷಣ ಓದುತ್ತಿರುವ ನಮ್ಮ ಗೆಳೆಯರಲ್ಲಿ ಕೆಲವರು ಸ್ಕೀಯಿಂಗ್ ಕಲಿಯುವ ಮನಸ್ಸು ಮಾಡಿದ್ದಾರೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಅಲ್ಲಿ ಸಿಗುವುದು ಮಂಜು ಮತ್ತು ಗಾಳಿ ಮಾತ್ರ, ಹಿಮ ಬೀಳುವುದಿಲ್ಲ. ಆದ್ದರಿಂದ ನಮ್ಮವರು ಮೊದಲ ಬಾರಿ ಹಿಮದ ಮೇಲೆ ಕಾಲಿಡುವುದು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಉತ್ತರಾಖಂಡದ ಔಲಿಯಲ್ಲಿ, ಇಲ್ಲವೇ ದುಬೈಯಂಥ ಊರಿನ ಒಳಾಂಗಣ ಹಿಮದಿಣ್ಣೆಯಲ್ಲಿ. ಇದು ನಮಗೆ ದಕ್ಕದ ವಿದ್ಯೆ ಎಂದು ಕೈಬಿಡಬೇಕಾಗಿಲ್ಲ. ನಮ್ಮ ನೆರೆಯ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ, ನಾರ್ಡಿಕ್ ಸ್ಕೀಯಿಂಗ್ ವಿಭಾಗದಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕ ತಂದಿದ್ದಾರೆ. ಅವರದು ಸಮತಟ್ಟು ಮತ್ತು ಏರಿಳಿತದ ಹಾದಿಯಲ್ಲಿ ದೂರ ಸಾಗುವ ಪ್ರಕಾರ. ಈ ಟಿಪ್ಪಣಿ ಇಳಿಜಾರಿನಲ್ಲಿ ಇಳಿಯುವ ಆಲ್ಪೈನ್ ಪ್ರಕಾರವನ್ನು ಕುರಿತದ್ದು.

ಹೊಸಬರಿಗೆ ಧೈರ್ಯ ಹೇಗೆ ಬರುತ್ತದೆ ಎಂಬುದೊಂದೇ ಇಲ್ಲಿನ ಪ್ರಶ್ನೆ. ಬೇಕೆಂದ ಜಾಗದಲ್ಲಿ ನಿಲ್ಲಬಲ್ಲೆ ಎಂಬ ಖಾತ್ರಿಯಿಂದಲೇ ಧೈರ್ಯ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಖಾತ್ರಿ ಇಲ್ಲದವರನ್ನು ಎಷ್ಟು ಹುರಿದುಂಬಿಸಿದರೂ ಅದು ದಿಣ್ಣೆಯ ಅರ್ಧ ದಾರಿಯವರೆಗೂ ಬಾರದು.

ಒಳಾಂಗಣ ದಿಣ್ಣೆಯ ಅನುಕೂಲ

ಒಳಾಂಗಣ ಹಿಮದಿಣ್ಣೆ ಎಂದರೆ ಶೀತಲಗೃಹದ ತತ್ತ್ವದ ಮೇಲೆ ಕಟ್ಟಿದ, ದಪ್ಪ ಶಾಖನಿರೋಧಕ ಗೋಡೆಗಳ ಒಂದು ದೊಡ್ಡ ಕಟ್ಟಡ. 2005ರಲ್ಲಿ ತೆರೆದ ಸ್ಕೀ ದುಬೈಯನ್ನೇ ನೋಡಿದರೆ, ಅಲ್ಲಿನ ಕೃತಕ ಬೆಟ್ಟ ಸುಮಾರು 85 ಮೀಟರ್ ಎತ್ತರವಿದೆ, ಅತಿ ಉದ್ದದ ಇಳಿಜಾರು 400 ಮೀಟರ್ ಇದೆ, ಮತ್ತು ಹೊರಗೆ ಮರಳುಗಾಡಿನ ಬಿಸಿಲಿದ್ದರೂ ಒಳಗಿನ ತಾಪಮಾನ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಸೆಲ್ಸಿಯಸ್ ಕೆಳಗೇ ಇರುತ್ತದೆ. ಇಂಥ ತಂಪು ಗಾಳಿಯಲ್ಲಿ ನೀರನ್ನು ಬಹಳ ಸಣ್ಣ ಹನಿಗಳಾಗಿ ಸಿಂಪಡಿಸಿದಾಗ ಅವು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಹಿಮವಾಗುತ್ತವೆ. ಸಾಮಾನ್ಯವಾಗಿ ಈ ಕೆಲಸ ಜನರಿಲ್ಲದ ರಾತ್ರಿ ಹೊತ್ತಿನಲ್ಲಿ ನಡೆಯುತ್ತದೆ. ಯಂತ್ರವೊಂದು ದಿಣ್ಣೆಯುದ್ದಕ್ಕೂ ಓಡಾಡಿ ಹಿಮವನ್ನು ಕೆದಕಿ ಸಮ ಮಾಡುತ್ತದೆ. ಬೆಳಿಗ್ಗೆ ಹದವಾಗಿರುವ ಹಿಮ ಸಂಜೆಯ ಹೊತ್ತಿಗೆ ನೂರಾರು ಜನರ ಸ್ಕೀಗಳಿಗೆ ಸಿಕ್ಕು ಅಲ್ಲಲ್ಲಿ ಸವೆದು ಗಟ್ಟಿಯಾಗಿ ಜಾರತೊಡಗುವುದರಿಂದ, ಹೊಸಬರು ದಿನದ ಮೊದಲ ಅವಧಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಹೊರಗಿನ ಪರ್ವತದಲ್ಲಿ ಗಾಳಿ, ಮಂಜು, ಬೆಳಕು, ಹಿಮದ ಗುಣ ಇವೆಲ್ಲ ಗಂಟೆಗೊಮ್ಮೆ ಬದಲಾಗುತ್ತವೆ, ಮತ್ತು ಇಳಿಯುವಾಗ ಎಡವಿದರೆ ದೋಷ ತನ್ನ ಕಾಲಿನದೋ ನೆಲದ್ದೋ ಎಂಬುದು ಕಲಿಯುವವರಿಗೆ ತಿಳಿಯುವುದಿಲ್ಲ. ಒಳಾಂಗಣದಲ್ಲಿ ಅದೇ ಇಳಿಜಾರು, ಅದೇ ಬೆಳಕು, ಹೆಚ್ಚು ಕಡಿಮೆ ಅದೇ ಹಿಮ ಮತ್ತೆ ಮತ್ತೆ ಸಿಗುತ್ತದೆ. ಹಿಂದಿನ ಸಲ ನಿಲ್ಲದಿದ್ದವರು ಈ ಸಲ ನಿಂತರೆ, ಬದಲಾದದ್ದು ಅವರ ಕಾಲಿನ ಕೆಲಸವೇ ಎಂದು ಅವರಿಗೇ ಮನವರಿಕೆಯಾಗುತ್ತದೆ. ಒಳಾಂಗಣ ದಿಣ್ಣೆ ಚಿಕ್ಕದು, ಅಲ್ಲಿ ಬೇಸರ ಬರುತ್ತದೆ ಎಂಬ ಆಕ್ಷೇಪ ನುರಿತವರ ಮಟ್ಟಿಗೆ ಸರಿಯಿರಬಹುದು. ಆರಂಭಿಕರಿಗೆ ಬೇಕಾಗಿರುವುದು ಆ ಏಕತಾನತೆಯೇ.

ಭಯ ದೇಹವನ್ನು ಹಿಂದಕ್ಕೆ ಎಳೆಯುವ ಬಗೆ

ಸ್ಕೀಯಿಂಗ್‌ನಲ್ಲಿ ಭಯದ ತೊಡಕು ಮನಸ್ಸಿನಲ್ಲಿ ಹುಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಇಳಿಜಾರು ಕಂಡ ಕೂಡಲೇ ದೇಹ ತಾನಾಗಿ ಹಿಂದಕ್ಕೆ ವಾಲುತ್ತದೆ, ಭಾರ ಹಿಮ್ಮಡಿಗೆ ಹೋಗುತ್ತದೆ. ಆಗ ಸ್ಕೀಗಳ ಮುಂಭಾಗ ಹಗುರಾಗಿ ಹಿಮವನ್ನು ಒತ್ತುವುದನ್ನು ಬಿಡುತ್ತದೆ. ಒತ್ತಡವಿಲ್ಲದ ಮುಂಭಾಗವನ್ನು ತಿರುಗಿಸುವುದೂ ಕಷ್ಟ, ಅದರಿಂದ ವೇಗ ತಗ್ಗಿಸುವುದೂ ಕಷ್ಟ. ವೇಗ ಏರುತ್ತದೆ, ಭಯ ಇನ್ನಷ್ಟು ಹೆಚ್ಚುತ್ತದೆ, ದೇಹ ಮತ್ತಷ್ಟು ಹಿಂದಕ್ಕೆ ವಾಲುತ್ತದೆ. ಈ ಸುತ್ತನ್ನು ಅರ್ಥಮಾಡಿಕೊಂಡವರಿಗೆ ತರಬೇತುದಾರರು ಮತ್ತೆ ಮತ್ತೆ "ಮುಂದಕ್ಕೆ ಬಾಗಿ, ಕೈ ಮುಂದಿರಲಿ" ಎಂದು ಏಕೆ ಕೂಗುತ್ತಾರೆ ಎಂಬುದು ತಿಳಿಯುತ್ತದೆ.

ಇದನ್ನು ಪರೀಕ್ಷಿಸಿಕೊಳ್ಳಲು ಸುಲಭವಾದ ದಾರಿ ಬೂಟಿನಲ್ಲೇ ಇದೆ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಬಕಲ್‌ಗಳಿಂದ ಬಿಗಿಯುವಂಥದ್ದು. ನೇರ ನಿಂತಾಗ ಬೆರಳುಗಳು ಬೂಟಿನ ಮುಂಭಾಗವನ್ನು ಸುಮ್ಮನೆ ತಾಕಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಒಳಗೆ ಒಂದೇ ಜೊತೆ ತೆಳ್ಳನೆಯ ಉದ್ದ ಕಾಲುಚೀಲ ಸಾಕು. ಚಳಿಗೆಂದು ಎರಡು ಜೊತೆ ಹಾಕಿದರೆ ಕಾಲು ಒತ್ತಿ ನೋಯುತ್ತದೆ, ಬೂಟಿನ ಹಿಡಿತವೂ ಸಡಿಲವಾಗುತ್ತದೆ. ಪಾದದ ಕೀಲು ಮತ್ತು ಮಂಡಿ ಬಗ್ಗಿಸಿ ನಿಂತಾಗ ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿಕೊಂಡಿದ್ದರೆ ನಿಲುವು ಸರಿ. ಮೀನಖಂಡ ಬೂಟಿನ ಹಿಂಭಾಗಕ್ಕೆ ಒತ್ತಿದಂತೆ ಅನ್ನಿಸಿದರೆ ಭಯ ನಿಮ್ಮನ್ನು ಹಿಂದಕ್ಕೆ ಎಳೆದಿದೆ ಎಂದೇ ಅರ್ಥ. ಹೆದರಿಕೆ ಇದೆಯೋ ಇಲ್ಲವೋ ಎಂದು ಮನಸ್ಸನ್ನು ಕೇಳುವುದಕ್ಕಿಂತ ಕಣಕಾಲನ್ನು ಕೇಳುವುದು ಮೇಲು, ಏಕೆಂದರೆ ಅಲ್ಲಿ ಸಿಗುವ ಉತ್ತರವನ್ನು ಆ ಕ್ಷಣವೇ ತಿದ್ದಿಕೊಳ್ಳಬಹುದು.

ಎತ್ತರ ಆರಿಸಿಕೊಂಡರೆ ವೇಗ ಆರಿಸಿಕೊಂಡಂತೆ

ಪಿಯುಸಿಯ ಭೌತಶಾಸ್ತ್ರ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಇಳಿದು ಮುಗಿಸಿದಾಗಿನ ವೇಗ ಇಳಿದ ಲಂಬ ಎತ್ತರವನ್ನು ಮಾತ್ರ ಅವಲಂಬಿಸುತ್ತದೆ. ಅರ್ಧ ಮೀಟರ್ ಎತ್ತರದಿಂದ ಇಳಿದರೆ ಗಂಟೆಗೆ ಸುಮಾರು 11 ಕಿ.ಮೀ., ಒಂದು ಮೀಟರಿಗೆ ಸುಮಾರು 16 ಕಿ.ಮೀ., ಎರಡು ಮೀಟರಿಗೆ ಸುಮಾರು 22 ಕಿ.ಮೀ. ಹಿಮದ ಘರ್ಷಣೆ ಇರುವುದರಿಂದ ನಿಜವಾದ ವೇಗ ಇದಕ್ಕಿಂತಲೂ ಕಡಿಮೆ. ವೇಗ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಹೊಸಬರು ಲಿಫ್ಟ್ ಹಿಡಿದು ನರ್ಸರಿ ದಿಣ್ಣೆಯ, ಎಂದರೆ ಆರಂಭಿಕರಿಗೆಂದೇ ಇರುವ ಸೌಮ್ಯ ಇಳಿಜಾರಿನ, ತುದಿಗೆ ಹೋಗಬೇಕೆಂಬ ನಿಯಮವೇನೂ ಇಲ್ಲ. ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಂಡು, ಮೇಲ್ಬದಿಯ ಅಂಚುಗಳನ್ನು ಹಿಮಕ್ಕೆ ಕಚ್ಚಿಸಿ, ಪಕ್ಕಕ್ಕೆ ಒಂದೊಂದೇ ಹೆಜ್ಜೆ ಏರಿದರೆ ಎಷ್ಟು ಎತ್ತರ ಬೇಕೋ ಅಷ್ಟೇ ಸಿಗುತ್ತದೆ. ಕೆಳಗೆ ಸಮತಟ್ಟಾದ ಜಾಗವಿದ್ದಾಗ ನಾಲ್ಕೈದು ಹೆಜ್ಜೆ ಏರಿ ನೇರವಾಗಿ ಜಾರಿ ಬಂದರೆ ಸ್ಕೀ ತಾನಾಗಿಯೇ ನಿಲ್ಲುತ್ತದೆ. ಮುಂದಿನ ಸಲ ಇನ್ನೆರಡು ಹೆಜ್ಜೆ ಹೆಚ್ಚು. ಹೀಗೆ ವೇಗ ಹೊರಗಿನಿಂದ ಮೈಮೇಲೆ ಬೀಳುವ ಅಪಾಯವಾಗಿ ಉಳಿಯದೆ, ತಾನೇ ಅಳೆದು ಕೊಟ್ಟುಕೊಳ್ಳುವ ಪ್ರಮಾಣವಾಗುತ್ತದೆ.

ನಿಲ್ಲುವ ವಿದ್ಯೆ

ಮೊದಲು ಕಲಿಯಬೇಕಾದ ನಿಲುಗಡೆ ಸ್ನೋಪ್ಲೌ. ಸ್ಕೀಗಳ ಮುಂದಿನ ತುದಿಗಳು ಒಂದಕ್ಕೊಂದು ತಾಕದಂತೆ ಹತ್ತಿರವಿರಬೇಕು, ಹಿಂದಿನ ತುದಿಗಳನ್ನು ಹಿಮ್ಮಡಿಯಿಂದ ಹೊರಕ್ಕೆ ತಳ್ಳಬೇಕು, ಎರಡೂ ಸ್ಕೀಗಳ ಒಳಅಂಚುಗಳು ಹಿಮವನ್ನು ಕೆರೆಯಬೇಕು. ಹಿಂಭಾಗ ಅಗಲವಾದಷ್ಟೂ ವೇಗ ತಗ್ಗುತ್ತದೆ. ಕಷ್ಟ ಬರುವುದು ಮಂಡಿಗಳಲ್ಲಿ: ಹೆದರಿದವರು ಎರಡೂ ಮಂಡಿಗಳನ್ನು ಒಳಕ್ಕೆ ಸೇರಿಸಿ ಹಿಂದಕ್ಕೆ ಕುಳಿತುಬಿಡುತ್ತಾರೆ, ಆಗ ತೊಡೆ ಉರಿಯುತ್ತದೆಯೇ ಹೊರತು ಸ್ಕೀ ನಿಲ್ಲುವುದಿಲ್ಲ. ತಳ್ಳುವ ಬಲ ಕಾಲಿನಿಂದ ಬರಬೇಕು, ಎದೆ ಕೆಳಗಿನ ದಿಕ್ಕಿಗೇ ಮುಖ ಮಾಡಿರಬೇಕು, ಕಣ್ಣು ಸ್ಕೀಗಳ ತುದಿಯಿಂದಾಚೆ ನೋಡುತ್ತಿರಬೇಕು.

ಈ ಅಭ್ಯಾಸಕ್ಕೆ ಗುರಿ ಇಟ್ಟುಕೊಳ್ಳುವುದು ಮುಖ್ಯ. ಸುಮ್ಮನೆ "ನಿಲ್ಲುತ್ತೇನೆ" ಎಂದುಕೊಂಡು ಹೊರಟರೆ ಎಲ್ಲಿ ನಿಂತರೂ ನಿಂತಂತೆಯೇ ಅನ್ನಿಸುತ್ತದೆ. ಹಿಮದ ಮೇಲಿನ ಒಂದು ಗುರುತನ್ನೋ ಪಕ್ಕದ ಕಂಬವನ್ನೋ ಮೊದಲೇ ನೋಡಿಕೊಂಡು, ಅದರ ನೇರಕ್ಕೇ ನಿಲ್ಲಲು ಯತ್ನಿಸಬೇಕು. ಗುರುತು ದಾಟಿದ್ದು ಎಷ್ಟು, ಮೊದಲೇ ನಿಂತದ್ದು ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಇದು ಕೈಗೂಡಿದ ಮೇಲೆ ತಿರುವು ಬಹಳ ಹತ್ತಿರದ ಹೆಜ್ಜೆ: ಸ್ನೋಪ್ಲೌ ಹಿಡಿದುಕೊಂಡೇ ಎಡಗಾಲಿಗೆ ಹೆಚ್ಚು ಒತ್ತಡ ಕೊಟ್ಟರೆ ಬಲಕ್ಕೆ, ಬಲಗಾಲಿಗೆ ಕೊಟ್ಟರೆ ಎಡಕ್ಕೆ ತಿರುಗುತ್ತದೆ. ಇಳಿಜಾರಿಗೆ ಅಡ್ಡಲಾಗುವವರೆಗೂ ತಿರುಗಿದರೆ ಸ್ಕೀ ಅಲ್ಲೇ ನಿಲ್ಲುತ್ತದೆ, ಎಂದರೆ ನಿಲ್ಲಲು ಎರಡನೆಯ ದಾರಿ ಸಿಕ್ಕಂತೆ.

ಬೀಳುವುದು ಮತ್ತು ಏಳುವುದು

ಬೀಳುವ ಭಯವನ್ನು ಬಿದ್ದೇ ಕಳೆಯಬೇಕು, ಮತ್ತು ಅದು ನಿಂತ ಜಾಗದಲ್ಲೇ, ಹಿಮದ ಮೇಲೆ ಆಗಬೇಕು. ತಪ್ಪಿಸಿಕೊಳ್ಳಲಾಗದು ಎನ್ನಿಸಿದಾಗ ದಿಣ್ಣೆಯ ಮೇಲ್ಬದಿಗೆ, ಪಕ್ಕಕ್ಕೆ, ತೊಡೆ ಮತ್ತು ಸೊಂಟದ ಮೇಲೆ ಕುಸಿಯಬೇಕು. ಕೈಯನ್ನು ಹಿಂದೆ ಊರಬಾರದು. ಊರಿದರೆ ಮಣಿಕಟ್ಟಿಗೆ ಪೆಟ್ಟು. ಕೈಯಲ್ಲಿ ಕೋಲು ಹಿಡಿದೇ ಬಿದ್ದಾಗ ಹೆಬ್ಬೆರಳಿನ ಬುಡದ ಅಸ್ಥಿರಜ್ಜು ಹರಿಯುವುದು ಈ ಕ್ರೀಡೆಯಲ್ಲಿ ಎಷ್ಟು ಸಾಮಾನ್ಯವೆಂದರೆ ಆ ಗಾಯಕ್ಕೆ ಸ್ಕೀಯರನ ಹೆಬ್ಬೆರಳು ಎಂದೇ ಹೆಸರಿದೆ. ಮೊದಲ ಪಾಠಗಳಲ್ಲಿ ಕೋಲು ಕೊಡದಿರುವ ರೂಢಿ ಈ ದೃಷ್ಟಿಯಿಂದಲೂ ಒಳ್ಳೆಯದೇ. ಬಿದ್ದು ಜಾರುತ್ತಿರುವಾಗಲೇ ಏಳಲು ಹೊರಟರೆ ಮಂಡಿ ತಿರುಚಿಕೊಳ್ಳುತ್ತದೆ; ಪೂರ್ತಿ ನಿಂತ ಮೇಲೆಯೇ ಏಳಬೇಕು.

ಏಳುವಾಗ ಎರಡೂ ಸ್ಕೀಗಳನ್ನು ದೇಹದ ಕೆಳಬದಿಗೆ ತಂದು, ಇಳಿಜಾರಿಗೆ ಅಡ್ಡಲಾಗಿ ಇಡಬೇಕು. ಇಲ್ಲದಿದ್ದರೆ ಎದ್ದ ಕ್ಷಣವೇ ಮತ್ತೆ ಜಾರುತ್ತೀರಿ. ಆಗದಿದ್ದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಹಿಂಭಾಗದ ಸನ್ನೆಯನ್ನು ಒತ್ತಿ ಒಂದು ಸ್ಕೀ ಕಳಚಿ ಏಳಬಹುದು, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ದೊಡ್ಡ ಪೆಟ್ಟು ಬಿದ್ದಾಗ ಬೈಂಡಿಂಗ್ ತಾನಾಗಿ ಬಿಟ್ಟುಕೊಳ್ಳುವಂತೆ ಅದರ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಅನುಭವ ನೋಡಿ ಹೊಂದಿಸುತ್ತಾರೆ. ಬಾಡಿಗೆ ಕೌಂಟರಿನಲ್ಲಿ ತೂಕವನ್ನು ಕಡಿಮೆ ಹೇಳುವುದಾಗಲಿ, ತಾನು ಹೊಸಬನಲ್ಲ ಎನ್ನುವುದಾಗಲಿ ನೇರವಾಗಿ ನಿಮ್ಮ ಸುರಕ್ಷತೆಗೆ ಮುಟ್ಟುತ್ತದೆ. ದಯವಿಟ್ಟು ಅಲ್ಲಿ ನಿಜವನ್ನೇ ಹೇಳಿ.

ಆತ್ಮವಿಶ್ವಾಸದ ಮೂಲಗಳು

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು 1977ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಒಂದು ಕೆಲಸ ತನ್ನಿಂದ ಆಗುತ್ತದೆ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಮಾತಿನ ಒತ್ತಾಸೆ, ಮತ್ತು ದೇಹದ ಸ್ಥಿತಿಯನ್ನು ತಾನು ಅರ್ಥಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು ಎಂಬುದನ್ನು ಅವರೇ ಹೇಳಿದ್ದಾರೆ, ಮತ್ತು ಮೇಲೆ ವಿವರಿಸಿದ ಗುರುತಿನ ಅಭ್ಯಾಸ ಅದಕ್ಕೆ ಸಂಬಂಧಿಸಿದ್ದೇ.

ಎರಡನೆಯದರ ವಿಷಯದಲ್ಲಿ ಒಂದು ಎಚ್ಚರ ಬೇಕು. ಗಾಳಿಯಂತೆ ಇಳಿಯುವ ನುರಿತವರನ್ನು ನೋಡುತ್ತಾ ನಿಂತರೆ ಉತ್ಸಾಹ ಬರಬಹುದು, ನಂಬಿಕೆ ಬರುವುದು ತನಗಿಂತ ಒಂದೇ ಪಾಠ ಮುಂದಿರುವವರನ್ನು ನೋಡಿದಾಗ. ಆದ್ದರಿಂದ ಗುಂಪಿನಲ್ಲಿ ಹೋದವರು ಒಬ್ಬರ ಸರದಿಯನ್ನು ಇನ್ನೊಬ್ಬರು ಗಮನವಿಟ್ಟು ನೋಡಬೇಕು. ಒತ್ತಾಸೆಯ ಮಾತೂ ನಿರ್ದಿಷ್ಟವಾಗಿರಬೇಕು. "ಏನಾಗಲ್ಲ, ಬಾರೋ" ಎಂಬ ಸ್ನೇಹಿತನ ಕರೆಗಿಂತ "ಅಕ್ಕಾ, ಈ ಸಲ ನಿಮ್ಮ ಬಲಗಾಲು ಚೆನ್ನಾಗಿ ತಳ್ಳಿತು, ಎಡಗಾಲಿಗೂ ಅಷ್ಟೇ ಕೊಡಿ" ಎಂಬ ಮಾತಿಗೆ ಬೆಲೆ ಹೆಚ್ಚು. ಇನ್ನು ಎದೆಬಡಿತ ಏರುವುದು, ಬಾಯಿ ಒಣಗುವುದು ಸಿದ್ಧತೆಯ ಲಕ್ಷಣವೂ ಹೌದು. ಉಸಿರನ್ನು ನಿಧಾನವಾಗಿ ಹೊರಬಿಟ್ಟು ಹೊರಟರೆ ಮಂಡಿಗಳ ಬಿಗಿತ ಸಡಿಲವಾಗುತ್ತದೆ. ತೊಡೆ ನಡುಗತೊಡಗಿದರೆ ಮಾತ್ರ ಅದು ದಣಿವು, ಅಂದಿನ ಅಭ್ಯಾಸ ಅಲ್ಲಿಗೆ ಸಾಕು.

ನೋಡುವವರ ಭಯವನ್ನೂ ಹಗುರವಾಗಿ ಕಾಣಬಾರದು. ದುಬೈಯ ದಿಣ್ಣೆ ಮಾಲ್‌ನೊಳಗಿದ್ದು, ಅಂಗಡಿಗೆ ಬಂದವರು ಗಾಜಿನಾಚೆ ನಿಂತು ನೋಡುತ್ತಿರುತ್ತಾರೆ. ನಮ್ಮಲ್ಲಿ, ಮುಖ್ಯವಾಗಿ ವಯಸ್ಸಾದ ಮೇಲೆ ಕಲಿಯಲು ಹೊರಟ ಹೆಂಗಸರಿಗೆ, ಬೀಳುವ ನೋವಿಗಿಂತ ಬಿದ್ದದ್ದನ್ನು ಯಾರಾದರೂ ಕಂಡರೆಂಬ ಅಳುಕೇ ಹೆಚ್ಚು. ಜನ ಕಡಿಮೆ ಇರುವ ಅವಧಿ, ಗಾಜಿನಿಂದ ದೂರದ ಬದಿ, ಒಂದೇ ಮಟ್ಟದವರ ಚಿಕ್ಕ ತಂಡ, ಇವಿಷ್ಟನ್ನು ಏರ್ಪಡಿಸಿಕೊಂಡರೆ ಆ ಅಳುಕು ಬಹುಮಟ್ಟಿಗೆ ಇಳಿಯುತ್ತದೆ. ಹಿಂದಿನಿಂದ ಬಂದು ಗುದ್ದುತ್ತಾರೇನೋ ಎಂಬ ಭಯಕ್ಕೆ ಅಂತಾರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಡವಳಿಕೆ ನಿಯಮಗಳಲ್ಲೇ ಉತ್ತರವಿದೆ: ಮುಂದಿರುವವರಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳುವುದು ಹಿಂದಿನಿಂದ ಬರುವವರ ಹೊಣೆ. ನೀವು ಮಾಡಬೇಕಾದದ್ದು, ದಿಣ್ಣೆಯ ನಡುವೆ ನಿಲ್ಲದೆ ಅಂಚಿಗೆ ಸರಿದು ನಿಲ್ಲುವುದು.

ಊರಿನಲ್ಲೇ ಮಾಡಿಕೊಳ್ಳುವ ತಯಾರಿ

ಹೊರಡುವ ಮೊದಲು ತಿಂಗಳೊಪ್ಪತ್ತು ತೊಡೆ, ಪಾದದ ಕೀಲು ಮತ್ತು ಸಮತೋಲದ ಮೇಲೆ ಕೆಲಸ ಮಾಡಬೇಕು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು, ಒಂಟಿಕಾಲಿನಲ್ಲಿ ನಿಂತು ಮಂಡಿ ಬಗ್ಗಿಸುವುದು, ಹಿಮ್ಮಡಿ ಎತ್ತದೆ ಮಂಡಿಯನ್ನು ಬೆರಳುಗಳಾಚೆ ತರುವುದು, ಇವೆಲ್ಲ ಮನೆಯಲ್ಲೇ ಆಗುತ್ತವೆ. ಇನ್‌ಲೈನ್ ಸ್ಕೇಟಿಂಗ್ ಬಲ್ಲವರಿಗೆ ಅಂಚುಗಳ ಅರಿವು ಬೇಗ ಬರುತ್ತದೆ, ಆದರೆ ಅಲ್ಲಿನ ನಿಲುಗಡೆಯೇ ಬೇರೆ.

ಅಂಚು ಕಚ್ಚಿಸುವುದನ್ನು ಕಾಫಿ ತೋಟದಲ್ಲಿ ಕಣ್ಣಾರೆ ಕಾಣಬಹುದು. ಆರಿದ್ರಾ ಮಳೆಯಲ್ಲಿ ಜಾರುವ ಕೆಮ್ಮಣ್ಣಿನ ಇಳಿಜಾರಿನಲ್ಲಿ ಕೆಲಸದವರು ನೇರವಾಗಿ ಇಳಿಯುವುದಿಲ್ಲ. ಮೈಯನ್ನು ಪಕ್ಕಕ್ಕೆ ತಿರುಗಿಸಿ, ಪಾದವನ್ನು ದಿಣ್ಣೆಗೆ ಅಡ್ಡವಿಟ್ಟು, ಮೇಲ್ಬದಿಯ ಅಂಚನ್ನು ಮಣ್ಣಿಗೆ ಊರಿ, ಭಾರವನ್ನು ಕೆಳಗಿನ ಕಾಲಿಗೆ ಬಿಟ್ಟು ಹೆಜ್ಜೆ ಹಾಕುತ್ತಾರೆ. ಮಳೆನೀರು ಹರಿದ ಗೀರು ಯಾವ ದಿಕ್ಕಿಗಿದೆಯೋ ಅದೇ ಇಳಿಜಾರಿನ ನೇರ ದಿಕ್ಕು, ಸ್ಕೀಯಿಂಗ್‌ನ ಫಾಲ್ ಲೈನ್. ಸ್ಕೀ ಅದರತ್ತ ತಿರುಗಿದಾಗ ವೇಗ ಏರುತ್ತದೆ, ಅದಕ್ಕೆ ಅಡ್ಡ ನಿಂತಾಗ ವೇಗ ಅಡಗುತ್ತದೆ. ಒಣಗಿದ ನೆಲದ ಸಣ್ಣ ಇಳಿಜಾರಿನಲ್ಲಿ ಸಾದಾ ಬೂಟು ಹಾಕಿಕೊಂಡು ಈ ಅಡ್ಡಹೆಜ್ಜೆಯನ್ನು ಎರಡೂ ಬದಿಗೆ ಅಭ್ಯಾಸ ಮಾಡಿ. ಗಿರಿಯ ಹುಲ್ಲುಗಾವಲನ್ನು ಇದಕ್ಕಾಗಿ ತುಳಿಯುವುದು ಬೇಡ. ಅಲ್ಲಿನ ಮಣ್ಣಿನ ಪದರ ತೆಳು, ಒಮ್ಮೆ ಸವೆದರೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ನರ್ಸರಿ ದಿಣ್ಣೆ ಬಿಡುವುದು ಯಾವಾಗ

ಮೇಲಿನ ಇಳಿಜಾರಿಗೆ ಹೋಗುವ ನಿರ್ಧಾರವನ್ನು ಹುಮ್ಮಸ್ಸಿಗೆ ಬಿಡಬಾರದು. ನರ್ಸರಿ ದಿಣ್ಣೆಯ ತುದಿಯಿಂದ ಇಳಿದು, ತಾನು ಆರಿಸಿದ ಗುರುತಿನ ಬಳಿ ಸತತವಾಗಿ ನಿಲ್ಲಲು ಬರಬೇಕು. ಎರಡೂ ಬದಿಗೆ ತಿರುಗಿ ನಿಲ್ಲಲು ಬರಬೇಕು. ಯಾರ ಕೈಯೂ ಹಿಡಿಯದೆ ಏಳಲು ಬರಬೇಕು. ಒಂದು ಬದಿಯ ತಿರುವು ಮಾತ್ರ ಬರುತ್ತಿದ್ದರೆ ಇನ್ನೊಂದು ಬದಿ ಬರುವವರೆಗೆ ಅಲ್ಲೇ ಉಳಿಯಿರಿ, ಏಕೆಂದರೆ ಕಡಿದಾದ ಜಾಗದಲ್ಲಿ ಭಯ ಮೊದಲು ಹುಡುಕುವುದು ದುರ್ಬಲವಾದ ಬದಿಯನ್ನೇ. ಮೇಲಕ್ಕೆ ಎಳೆದೊಯ್ಯುವ ಡ್ರ್ಯಾಗ್ ಲಿಫ್ಟಿನ ತಟ್ಟೆಯ ಮೇಲೆ ಕೂರಬಾರದು, ನಿಂತೇ ಇದ್ದು ಅದು ಎಳೆಯಲು ಬಿಡಬೇಕು. ಬಿದ್ದರೆ ಕೂಡಲೇ ಹಿಡಿ ಬಿಟ್ಟು ದಾರಿಯಿಂದ ಪಕ್ಕಕ್ಕೆ ಸರಿಯಬೇಕು. ಮೊದಲ ಇಳಿತದಲ್ಲಿ ಇಡೀ ದಿಣ್ಣೆಯನ್ನು ಒಂದೇ ಉಸಿರಿಗೆ ಮುಗಿಸುವ ಅಗತ್ಯವಿಲ್ಲ. ಅಡ್ಡಲಾಗಿ ಸಾಗಿ, ತಿರುಗಿ, ಅಂಚಿನಲ್ಲಿ ನಿಂತು, ಮೇಲ್ಗಡೆ ನೋಡಿ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮತ್ತೆ ಅಡ್ಡಲಾಗಿ ಹೊರಡಿ.