ಈಜುಕೊಳಕ್ಕೆ ಮಣ್ಣು ತುಂಬಿಸುವ ಮೊದಲು

‘ಒಂದು ಮಳೆ ಬಿದ್ದರೆ ಮಣ್ಣು ತಾನಾಗಿ ಕೂರ್ತದೆ ಸಾರ್.’ ಹಿತ್ತಲಿನ ಈಜುಕೊಳ ಮುಚ್ಚಿಸುವವರೆಲ್ಲ ನನಗೆ ಹೇಳುವ ಮಾತು ಇದು. ಕೂರುತ್ತದೆ, ಸುಳ್ಳಲ್ಲ. ಎಲ್ಲಿ ಎಷ್ಟು ಕೂರುತ್ತದೆ ಅನ್ನೋದು ಮಾತ್ರ ನಮ್ಮ ಕೈಯಲ್ಲಿಲ್ಲ.

ನಾನೂ ಒಮ್ಮೆ ಆ ಮಾತಿಗೆ ತಲೆಯಾಡಿಸಿದವನೇ. ಮಣಿಪಾಲದ ಹತ್ತಿರ ಒಂದು ಮನೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದಿತ್ತು, ಮೋಡ ಕಟ್ಟಿತ್ತು, ಟಿಪ್ಪರಿನವರಿಗೂ ಅವಸರ, ನನಗೂ ಅವಸರ. ಎರಡೇ ದಿನದಲ್ಲಿ ತುಂಬಿಸಿ, ಮೇಲೆ ಜೆಸಿಬಿ ನಾಲ್ಕು ಸಲ ಓಡಾಡಿಸಿ, ಇಂಟರ್‌ಲಾಕ್ ಹಾಸಿಬಿಟ್ಟೆವು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಡುವೆ ಒಂದು ಗೇಣು ಕುಸಿಯಿತು. ಕೊಳದ ಗೋಡೆ ಒಳಗೆ ಹಾಗೇ ಇತ್ತಲ್ವಾ, ಅದರ ಗೆರೆ ಅಂಗಳದಲ್ಲಿ ಎದ್ದು ಕಾಣುತ್ತಿತ್ತು. ರಿಪೇರಿ ಖರ್ಚು ನನ್ನದೇ.

ತಪ್ಪು ತಳದಿಂದಲೇ ಶುರುವಾಗಿತ್ತು. ಕಾಂಕ್ರೀಟ್ ತಳ ಒಡೆಯದೆ ಮಣ್ಣು ಹಾಕಿದರೆ ಇಳಿದ ನೀರು ಅಲ್ಲೇ ನಿಂತು ಒಳಗೆಲ್ಲ ಕೆಸರು. ಅಲ್ಲಲ್ಲಿ ಒಂದು ಅಡಿ ಅಗಲದ ತೂತು ಒಡೆಯಿರಿ, ಆಳದ ಕಡೆ ಜಾಸ್ತಿ ಇರಲಿ. ಗೋಡೆಯ ಮೇಲಿನ ಎರಡು ಅಡಿ ಕೆಡವಿ. ಬಾವಿಯ ನೀರು ಕೆಳಗಿಳಿದಿರುವ ಏಪ್ರಿಲ್‌ನಲ್ಲೇ ಇದೆಲ್ಲ ಮುಗಿಯಬೇಕು. ಮಳೆಗಾಲದಲ್ಲಿ ಕೊಳ ಖಾಲಿ ಮಾಡಿದರೆ ಅಂತರ್ಜಲ ಇಡೀ ಕೊಳವನ್ನೇ ಮೇಲೆತ್ತುವುದೂ ಉಂಟು.

ಮಣ್ಣು ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಪುಡಿ ಸೇರಿದ ಕೆಂಪು ಮಣ್ಣಾಗಲಿ. ಅಗ್ಗಕ್ಕೆ ಸಿಗ್ತದೆ ಅಂತ ಶೇಡಿ ಮಣ್ಣು, ಅಂದರೆ ಮುರಕಲ್ಲಿನ ಅಡಿಯಲ್ಲಿ ಸಿಗುವ ನುಣುಪು ಜೇಡಿ, ತರಿಸಬೇಡಿ. ಒಣಗಿದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. 8 ಮೀಟರ್ ಉದ್ದ, 4 ಅಗಲ, 1.5 ಆಳದ ಕೊಳ ಅಂದರೆ 48 ಘನ ಮೀಟರ್. ಸಡಿಲ ಮಣ್ಣು 60ರಷ್ಟು ಬೇಕಾಗುತ್ತದೆ.

ಜೆಸಿಬಿ ಚಕ್ರದ ಒತ್ತಡ ಮೇಲ್ಪದರದಲ್ಲೇ ನಿಲ್ಲುತ್ತದೆ, ಅಡಿಯವರೆಗೆ ಹೋಗುವುದಿಲ್ಲ. ಅದಕ್ಕೇ 20 ಸೆಂ.ಮೀ. ದಪ್ಪಕ್ಕೆ ಹರಡಿ, ಮಣ್ಣು ಕುಟ್ಟುವ ಯಂತ್ರ ರ‍್ಯಾಮರ್ ಹೊಡೆದು, ಆಮೇಲೆ ಮುಂದಿನ ಪದರ. ಮೂಲೆಗಳನ್ನು ಬಿಡಬೇಡಿ, ಅಲ್ಲೂ ಕುಸಿಯುತ್ತದೆ. ಎಷ್ಟು ತೇವ ಇರಬೇಕು? ಒಂದು ಮುಷ್ಟಿ ಮಣ್ಣು ಹಿಚುಕಿ. ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು, ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕೈದು ಚೂರಾಗಬೇಕು. ಪುಡಿಪುಡಿಯಾದರೆ ನೀರು ಚಿಮುಕಿಸಿ, ಚಪ್ಪಟೆಯಾದರೆ ಒಂದು ದಿನ ಒಣಗಲು ಬಿಡಿ. ಮೇಲೆ ಕಾರು ನಿಲ್ಲಿಸುವುದಾದರೆ ಮಣ್ಣು ಪರೀಕ್ಷೆಯ ಲ್ಯಾಬಿನವರನ್ನು ಕರೆಸಿ. ಅದೇ ಮಣ್ಣನ್ನು ಲ್ಯಾಬಿನಲ್ಲಿ ಕುಟ್ಟಿದಾಗ ಸಿಗುವ ಗರಿಷ್ಠ ಸಾಂದ್ರತೆಗೆ ಪ್ರಾಕ್ಟರ್ ಸಾಂದ್ರತೆ ಅಂತಾರೆ; ಅದರ 95 ಶೇಕಡ ಬಂದಿದೆಯಾ ಅಂತ ಸಣ್ಣ ಗುಂಡಿ ತೆಗೆದು, ಅದಕ್ಕೆ ಮರಳು ತುಂಬಿಸಿ ಅಳೆದು ಹೇಳುತ್ತಾರೆ.

ಬರೀ ಹೂಗಿಡ, ಬಸಳೆ ಚಪ್ಪರ ಅಂತಾದರೆ ಇಷ್ಟೆಲ್ಲ ತಲೆಬಿಸಿ ಬೇಡ. ತಳಕ್ಕೆ ತೂತು ಹೊಡೆದು, ಪದರ ಪದರವಾಗಿ ತುಂಬಿಸಿ, ಒಂದು ಮಳೆಗಾಲ ಸುಮ್ನೆ ಬಿಡಿ. ರೂಮು ಕಟ್ಟುವ ಆಸೆ ಇದ್ದರೆ ಮಾತ್ರ ಈಗಲೇ ಹೇಳಿ, ಆಗ ಕೊಳದ ಕಾಂಕ್ರೀಟ್ ಪೂರ್ತಿ ಕಿತ್ತು ತೆಗೆಯಬೇಕು, ಪಿಲ್ಲರ್ ತುಂಬಿಸಿದ ಮಣ್ಣು ದಾಟಿ ಹಳೇ ನೆಲಕ್ಕೇ ಇಳಿಯಬೇಕು.