ಉತ್ತರದಾಯಿತ್ವ: ಯಾರದು, ಯಾರಿಗೆ?

‘ಸಸಿ ನೆಡುವುದು ಪ್ರತಿಯೊಬ್ಬರ ಉತ್ತರದಾಯಿತ್ವ’ ಎಂದು ಬರೆಯುವುದು ಈಗ ಮಾಮೂಲಾಗಿದೆ. ಅಲ್ಲಿ ಬೇಕಿದ್ದದ್ದು ಕರ್ತವ್ಯ. ‘ಬ್ರಿಟನ್ನಿನ ಸರ್ಕಾರ ದೊರೆಗೆ ಉತ್ತರದಾಯಿ’ ಎಂಬ ವಾಕ್ಯವಂತೂ ಸಂಗತಿಯನ್ನೇ ತಲೆಕೆಳಗು ಮಾಡುತ್ತದೆ.

ದಾಯಿ ಎಂದರೆ ಕೊಡುವವನು. ಉತ್ತರ ಕೊಡಬೇಕಾದವನು ಉತ್ತರದಾಯಿ. ಜವಾಬ್ದಾರಿಯೊಳಗೂ ಇರುವುದು ಅದೇ ಅರ್ಥ: ಅರಬ್ಬಿಯ ಜವಾಬು, ಪಾರಸಿಯ ದಾರ್. ಆದರೆ ಬಳಸಿ ಬಳಸಿ ಅದು ಸವೆದಿದೆ, ಮಗುವನ್ನು ಶಾಲೆಗೆ ಬಿಡುವುದೂ ಜವಾಬ್ದಾರಿಯೇ. ಹೊಣೆ ನಮ್ಮದೇ ಪದ, ಹಳಗನ್ನಡದ ಪೊಣೆ, ಅಂದರೆ ಜಾಮೀನು. ಹೊಣೆಯನ್ನು ಯಾರೂ ಕೇಳದಿದ್ದರೂ ಹೊರಬಹುದು. ಉತ್ತರದಾಯಿತ್ವ ಹಾಗಲ್ಲ. ಎದುರಿಗೆ ಕೇಳುವವರಿರಬೇಕು, ಉತ್ತರ ಒಪ್ಪಿಗೆಯಾಗದಿದ್ದರೆ ಕುರ್ಚಿ ಬಿಡಿಸುವ ಅಧಿಕಾರವೂ ಅವರಿಗಿರಬೇಕು. ‘ಯಾರಿಗೆ’ ಎಂದು ಹೇಳಲಾಗದ ಕಡೆ ಈ ಪದವನ್ನು ದಯವಿಟ್ಟು ಬಳಸಬೇಡಿ.

ಬ್ರಿಟನ್ನಿನಲ್ಲಿ ಆ ‘ಯಾರಿಗೆ’ ಎಂದರೆ 650 ಸದಸ್ಯರ ಹೌಸ್ ಆಫ್ ಕಾಮನ್ಸ್, ಅಂದರೆ ಜನರು ಆರಿಸಿದ ಕೆಳಮನೆ. ಪ್ರಧಾನಿಯನ್ನು ನೇಮಿಸುವುದು, ಮಸೂದೆಗೆ ಅಂಕಿತ ಹಾಕುವುದು ದೊರೆಯ ಹೆಸರಿನಲ್ಲೇ. ಆದರೆ ದೊರೆ ನಡೆಯುವುದು ಮಂತ್ರಿಗಳ ಸಲಹೆಯಂತೆ. ಅಂಕಿತ ನಿರಾಕರಿಸಿದ್ದು ಕೊನೆಯ ಬಾರಿಗೆ 1708ರಲ್ಲಿ. ಸಲಹೆ ಕೊಟ್ಟವರೇ ಉತ್ತರವನ್ನೂ ಕೊಡಬೇಕು. ದೊರೆಯನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂಬುದರಿಂದಲೇ ‘ಅದು ಅರಮನೆಯ ತೀರ್ಮಾನ’ ಎಂದು ಮಂತ್ರಿ ಜಾರಿಕೊಳ್ಳುವ ದಾರಿ ಮುಚ್ಚಿದೆ.

2019ರ ಪ್ರಕರಣ ನೋಡಿ. ಬೋರಿಸ್ ಜಾನ್ಸನ್ ಸಲಹೆಯಂತೆ ಸಂಸತ್ತಿನ ಅಧಿವೇಶನವನ್ನು ಸುಮಾರು ಐದು ವಾರ ಮುಂದೂಡುವ ಆದೇಶ ಆಗಸ್ಟ್ 28ರಂದು ಹೊರಟಿತು. ಅದನ್ನು ಹೊರಡಿಸಿದ್ದು ರಾಣಿ ಎರಡನೇ ಎಲಿಜಬೆತ್. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ತಪ್ಪು ಎಂದದ್ದು ರಾಣಿಯನ್ನಲ್ಲ, ಪ್ರಧಾನಿ ಕೊಟ್ಟ ಸಲಹೆಯನ್ನು. ಆ ಸಲಹೆ ಕಾನೂನುಬಾಹಿರವಾದ್ದರಿಂದ ಅದರ ಮೇಲೆ ನಿಂತ ಆದೇಶವೂ ಬಿದ್ದುಹೋಯಿತು. ಮರುದಿನವೇ ಕಾಮನ್ಸ್ ಸೇರಿತು. ಸದನ ಸೇರದಿದ್ದರೆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ತೀರ್ಪು ನಿಂತದ್ದು ಮುಖ್ಯವಾಗಿ ಇದೇ ವಾದದ ಮೇಲೆ.

ಕುರ್ಚಿ ಬಿಡಿಸಿದ್ದಕ್ಕೆ ಅಲ್ಲಿನದೇ 1979ರ ಉದಾಹರಣೆ ಇದೆ. ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಸರ್ಕಾರ 311–310ರಲ್ಲಿ, ಒಂದೇ ಮತದಿಂದ, ಸದನದ ವಿಶ್ವಾಸ ಕಳೆದುಕೊಂಡಿತು. ಸಂಸತ್ತು ವಿಸರ್ಜನೆಯಾಗಿ ಮೇ 3ಕ್ಕೆ ಚುನಾವಣೆ ನಡೆಯಿತು. ಇದರಲ್ಲಿ ರಾಣಿಯ ಮೆಚ್ಚುಗೆಯ ಮಾತೇ ಬರಲಿಲ್ಲ.

ರಾಜೀನಾಮೆಯೊಂದೇ ಉತ್ತರದಾಯಿತ್ವ ಎಂಬುದೂ ಅವಸರದ ಮಾತು. ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿ ಎದುರಿಸುವ ಪ್ರಶ್ನೆಗಳು, ಲಿಖಿತ ಪ್ರಶ್ನೆಗಳು, ದಾಖಲೆ ತರಿಸಿ ವಿಚಾರಿಸುವ ಸಮಿತಿಗಳು, ಇವೆಲ್ಲ ಅದರ ದಿನನಿತ್ಯದ ರೂಪ. ಉತ್ತರವನ್ನೇ ಕೊಡದೆ ಹೊರನಡೆದ ಮಂತ್ರಿ ಅರ್ಧ ಸಾಲ ಉಳಿಸಿಕೊಂಡೇ ಹೋಗಿರುತ್ತಾನೆ.

ನಮ್ಮಲ್ಲಿ ದೊರೆಯಿಲ್ಲ, ಆದರೂ ಇದೇ ಗೊಂದಲ ರಾಜ್ಯಪಾಲರ ವಿಷಯದಲ್ಲಿ ಮರುಕಳಿಸುತ್ತದೆ. ಸಂವಿಧಾನದ 164(1)ನೇ ವಿಧಿಯಲ್ಲಿ ಮಂತ್ರಿಗಳು ಅಧಿಕಾರದಲ್ಲಿರುವುದು ‘ರಾಜ್ಯಪಾಲರ ಇಚ್ಛೆ ಇರುವವರೆಗೆ’ ಎಂದಿರುವುದನ್ನು ಓದಿ ಅಲ್ಲಿಗೇ ನಿಲ್ಲುತ್ತಾರೆ. ಅದರ ಕೆಳಗಿನ 164(2) ಮಂತ್ರಿಮಂಡಲವನ್ನು ಸಾಮೂಹಿಕವಾಗಿ ವಿಧಾನಸಭೆಗೆ ಉತ್ತರದಾಯಿಯಾಗಿಸುತ್ತದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಸದನದಲ್ಲಿ ಬಹುಮತ ತೋರಿಸಲು ಅವಕಾಶವೇ ಸಿಗದೆ ವಜಾ ಆಯಿತು. ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ಸದನವೇ ಹೊರತು ರಾಜಭವನವಲ್ಲ ಎಂದು 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿದ್ದು ಅದೇ ಪ್ರಕರಣದಲ್ಲಿ.